ಎಲ್ಲ ಕುದುರೆಗಳನ್ನೂ ಓದಬೇಕು

ತೀರ್ಥಹಳ್ಳಿಯಲ್ಲಿ ಕೂತು ಬೆಂಗಳೂರು, ಮೈಸೂರಿನ ಕುದುರೆ ರೇಸಿನ ಮುನ್ನೋಟ ಬರೆಯುತ್ತೇನೆ ಎಂದರೆ ಇಲ್ಲಿಯವರು ಮೊದಲು ಕೇಳುವುದು, "ಎಷ್ಟು ಕಳ್ಕೊಂಡೆ ಮಾರಾಯ?" ಎಂದು. ಎರಡನೆಯ ಪ್ರಶ್ನೆ ದನಿ ತಗ್ಗಿಸಿ ಬರುತ್ತದೆ: "ಈ ವಾರ ಯಾವ್ದು ಬರ್ತದೆ?" ಮೊದಲನೆಯದಕ್ಕೆ ಉತ್ತರ ಸಲೀಸು, ನಾನು ಹಣ ಕಟ್ಟುವವನಲ್ಲ. ಎರಡನೆಯದಕ್ಕೆ ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಯಾಕೆ ಎಂದು ಕೇಳುವ ವ್ಯವಧಾನ ಇದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಈ ವಿಷಯಕ್ಕೆ ಒಳ್ಳೆಯ ಹೆಸರಿಲ್ಲ. ಮಂಡಿಯಲ್ಲಿ ಅಡಿಕೆ ಮಾರಿದ ದುಡ್ಡು ಜೇಬಿಗಿಟ್ಟುಕೊಂಡು ರಾತ್ರಿ ಬಸ್ಸು ಹತ್ತಿ, ಮರುದಿನ ರೇಸ್ ಕೋರ್ಸಿನಲ್ಲಿ ಅಷ್ಟನ್ನೂ ಬಿಟ್ಟು ಬಂದವರ ಕಥೆ ನಾನು ಬಲ್ಲ ಮನೆಗಳಲ್ಲೇ ಇದೆ. ಅಂಥ ಮನೆಯಲ್ಲಿ ಕುದುರೆಯ ಮಾತು ತೆಗೆದರೆ ಕಾಫಿ ಲೋಟ ಕೆಳಗಿಡುವ ಸದ್ದೇ ಬೇರೆಯಾಗುತ್ತದೆ. ಆ ಸಿಟ್ಟು ನ್ಯಾಯವಾದದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಣ ಹೋದವರೆಲ್ಲ ಹೆಚ್ಚು ಕಮ್ಮಿ ಒಂದೇ ರೀತಿ ಕಳೆದುಕೊಂಡವರು: ಯಾರೋ ಕಿವಿಯಲ್ಲಿ ಹೇಳಿದ ಒಂದು ಹೆಸರನ್ನು ಹಿಡಿದು ಹೋದವರು. ಪಂದ್ಯದಲ್ಲಿದ್ದ ಉಳಿದ ಕುದುರೆಗಳನ್ನು ಅವರು ಓದಲೇ ಇಲ್ಲ.

ರೇಸನ್ನು ಓದಲು ಕೂತವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿಯ ಕೆಲಸವನ್ನು. ನಮ್ಮಲ್ಲಿ ನಡೆಯುವ ಬಹುಪಾಲು ಪಂದ್ಯಗಳು ಹ್ಯಾಂಡಿಕ್ಯಾಪ್ ಪಂದ್ಯಗಳೇ, ಎಂದರೆ ಬಲದ ಕುದುರೆಗೆ ಹೆಚ್ಚು ಭಾರ ಹೊರಿಸಿ ಎಲ್ಲವನ್ನೂ ಸಮ ಮಾಡುವ ಪಂದ್ಯಗಳು. ಪ್ರತಿ ಕುದುರೆಗೂ ಅದರ ಈವರೆಗಿನ ಓಟ ನೋಡಿ ಒಂದು ರೇಟಿಂಗ್ ಕೊಟ್ಟಿರುತ್ತಾರೆ. ಭಾರತದಲ್ಲಿ ರೇಟಿಂಗಿನ ಒಂದು ಅಂಕ ಎಂದರೆ ಕುದುರೆಯ ಬೆನ್ನ ಮೇಲೆ ಅರ್ಧ ಕಿಲೋ. 10 ಅಂಕ ಮೇಲಿರುವ ಕುದುರೆ 5 ಕಿಲೋ ಹೆಚ್ಚು ಹೊತ್ತು ಓಡಬೇಕು. ಜಾಕಿ ಹಗುರವಾಗಿದ್ದರೆ ಜೀನಿನ ಜೊತೆ ಸೀಸದ ತುಂಡು ಸೇರಿಸಿ ತೂಕ ತುಂಬುತ್ತಾರೆ. ಓಟಕ್ಕೆ ಮುಂಚೆ ಜಾಕಿ ಜೀನು ಸಮೇತ ತೂಕಕ್ಕೆ ನಿಲ್ಲಬೇಕು, ಗೆದ್ದು ಬಂದ ಮೇಲೂ ನಿಲ್ಲಬೇಕು. ಈ ತೂಕದ ಲೆಕ್ಕಕ್ಕೆ ಗಟ್ಟಿಯಾದ ರೂಪ ಕೊಟ್ಟವನು 19ನೆಯ ಶತಮಾನದ ಇಂಗ್ಲೆಂಡಿನ ಅಡ್ಮಿರಲ್ ಹೆನ್ರಿ ರೌಸ್. ನೌಕಾಪಡೆಯಿಂದ ಬಂದವನು ಕುದುರೆಗಳ ವಯಸ್ಸು, ತಿಂಗಳು, ದೂರ ಇವಿಷ್ಟನ್ನೂ ಹಿಡಿದು ಯಾವುದಕ್ಕೆ ಎಷ್ಟು ಭಾರ ಎಂದು ಕೋಷ್ಟಕ ಮಾಡಿಟ್ಟ. ಇವತ್ತಿಗೂ ಜಗತ್ತಿನ ರೇಸುಗಳು ಅದೇ ತಳಹದಿಯ ಮೇಲೆ ನಡೆಯುತ್ತಿವೆ.

ಹ್ಯಾಂಡಿಕ್ಯಾಪರ್‌ನ ಕನಸು ಒಂದೇ: ಹನ್ನೆರಡು ಕುದುರೆಗಳು ಹೊರಟರೆ ಹನ್ನೆರಡೂ ಒಟ್ಟಿಗೇ ಗೆರೆ ದಾಟಬೇಕು. ಅಂದಮೇಲೆ ಗೆಲ್ಲುವ ಕುದುರೆಯನ್ನು ಆರಿಸುತ್ತೇನೆ ಎನ್ನುವವನು ಆತನೊಂದಿಗೆ ವಾದಕ್ಕೆ ಇಳಿದಂತೆ. ನನಗಿಂತ ಹೆಚ್ಚು ಓಟ ನೋಡಿದ, ಎಲ್ಲ ದಾಖಲೆ ಕೈಯಲ್ಲಿಟ್ಟುಕೊಂಡ ಮನುಷ್ಯನ ಲೆಕ್ಕ ಎಲ್ಲಿ ತಪ್ಪಿರಬಹುದು ಎಂದು ನಾನು ತೋರಿಸಬೇಕು. ಅದಕ್ಕೆ ಒಂದೇ ದಾರಿ ಇದೆ. ಹ್ಯಾಂಡಿಕ್ಯಾಪರ್ ಈಗಾಗಲೇ ಮುಗಿದ ಓಟಕ್ಕೆ ಅಂಕ ಕೊಡಬೇಕೇ ಹೊರತು ಊಹೆಗೆ ಕೊಡುವಂತಿಲ್ಲ. 1200 ಮೀಟರಿನಲ್ಲಿ ಏದುಸಿರು ಬಿಡದೆ ನಾಲ್ಕನೆಯದಾಗಿ ಬಂದ ಕುದುರೆ 1600 ಮೀಟರಿಗೆ ಮೊದಲ ಸಲ ಹೆಸರು ಕೊಟ್ಟರೆ, ಆತ ಕೊಟ್ಟ ಅಂಕ ಹಳೆಯ 1200ರದ್ದೇ. ಮೂರು ವರ್ಷದ ಮರಿ ಆರು ತಿಂಗಳು ವಿಶ್ರಾಂತಿ ಪಡೆದು ಮೈತುಂಬಿ ಬಂದರೂ ಅಂಕ ಹಳೆಯದೇ. ಅಕ್ಕಪಕ್ಕ ಕಾಣದಂತೆ ಮೊದಲ ಸಲ ಕಣ್ಣಿಗೆ ಬ್ಲಿಂಕರ್ಸ್ ಹಾಕಿದ್ದು, ಲಾಯ ಬದಲಾದದ್ದು, ನೆಲ ಮೆತ್ತಗಾದದ್ದು ಯಾವುದೂ ಆ ಅಂಕದೊಳಗೆ ಬಂದಿರುವುದಿಲ್ಲ. ಮುನ್ನೋಟ ಬರೆಯುವವನ ಜಾಗ ಇಷ್ಟೇ, ನಿನ್ನೆಯ ಅಂಕ ಮತ್ತು ಇವತ್ತಿನ ಕುದುರೆಯ ನಡುವಿನ ಸಂದು.

ಆ ಸಂದನ್ನು ಹುಡುಕಲು ರೇಸ್ ಕಾರ್ಡಿನ, ಎಂದರೆ ಆ ದಿನ ಓಡುವ ಕುದುರೆಗಳ ವಿವರ ಇರುವ ಪಟ್ಟಿಯ, ಸಾಲನ್ನು ನಿಧಾನಕ್ಕೆ ಓದಬೇಕು. ಒಂದು ಕುದುರೆಯ ಕೊನೆಯ ನಾಲ್ಕು ಓಟ 7, 4, 5, 2 ಎಂದಿದೆ ಎನ್ನಿ. ಅವಸರದಲ್ಲಿ ನೋಡುವವರಿಗೆ ಇದು ಏರುತ್ತಿರುವ ಕುದುರೆ. ಒಂದೊಂದೇ ಅಂಕೆಯ ಹಿಂದೆ ಹೋಗಿ ನೋಡಿ. ಏಳನೆಯದಾಗಿ ಬಂದದ್ದು ಮೇಲಿನ ದರ್ಜೆಯ ಪಂದ್ಯದಲ್ಲಿ, 58 ಕಿಲೋ ಹೊತ್ತು, ಗೆದ್ದದ್ದಕ್ಕಿಂತ ಐದೇ ಲೆಂಗ್ತ್ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಹಿಂದೆ. ಎರಡನೆಯದಾಗಿ ಬಂದದ್ದು ಕೆಳಗಿನ ದರ್ಜೆಯಲ್ಲಿ, 52 ಕಿಲೋ ಹೊತ್ತು, ಆರು ಲೆಂಗ್ತ್ ಹಿಂದೆ. ನನ್ನ ಕಣ್ಣಿಗೆ ಏಳನೆಯ ಸ್ಥಾನದ ಓಟವೇ ದೊಡ್ಡದು. ಸ್ಥಾನಕ್ಕಿಂತ ಅಂತರ ಮುಖ್ಯ, ಅಂತರಕ್ಕಿಂತ ಯಾರ ಹಿಂದೆ ಎಂಬುದು ಮುಖ್ಯ. ಇನ್ನೂ ಕಲಿಯುತ್ತಿರುವ ಅಪ್ರೆಂಟಿಸ್ ಜಾಕಿ ಕೂತಿದ್ದರೆ ಆತನಿಗೆ ಕೊಟ್ಟ ತೂಕದ ರಿಯಾಯಿತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೂಕಕ್ಕೂ ದೂರಕ್ಕೂ ಇರುವ ನಂಟನ್ನು ಬ್ರಿಟನ್ನಿನವರು ಹೀಗೆ ಲೆಕ್ಕ ಹಾಕುತ್ತಾರೆ: ಐದು ಫರ್ಲಾಂಗಿನ (ಸುಮಾರು 1000 ಮೀಟರ್) ಚಿಕ್ಕ ಓಟದಲ್ಲಿ ಒಂದು ಲೆಂಗ್ತ್ ಅಂತರಕ್ಕೆ ಸುಮಾರು 3 ಪೌಂಡ್, ಒಂದು ಮೈಲಿಗೆ ಸುಮಾರು 2 ಪೌಂಡ್, ದೂರ ಇನ್ನೂ ಹೆಚ್ಚಿದರೆ 1 ಪೌಂಡ್. ಎಂದರೆ ಅದೇ ಒಂದೆರಡು ಕಿಲೋ ಉದ್ದದ ಓಟದಲ್ಲಿ ಕುದುರೆಯನ್ನು ಹೆಚ್ಚು ಹಿಂದಕ್ಕೆ ಎಳೆಯುತ್ತದೆ. ಇದು ಅಂದಾಜಿನ ಅಳತೆ. ಆದರೂ ಇದನ್ನು ಮರೆತು 2000 ಮೀಟರಿನ ಪಂದ್ಯ ಓದಲು ಹೋಗಬಾರದು.

ಸೋತವುಗಳನ್ನು ಓದಬೇಕು ಎಂಬುದನ್ನು ನನಗೆ ಕಲಿಸಿದವರು ರೇಸಿನವರಲ್ಲ. ನನ್ನ ಚಿಕ್ಕಪ್ಪನ ತೋಟದ ಫಸಲನ್ನು ಚೇಣಿಗೆ ಹಿಡಿಯಲು ಕೊಪ್ಪದ ಕಡೆಯಿಂದ ಒಬ್ಬ ಹಿರಿಯರು ಬರುತ್ತಿದ್ದರು. ಮಳೆಗಾಲ ಹಿಂದಾಗಿ, ಕೊಯ್ಲಿಗೆ ಇನ್ನೂ ದಿನ ಇರುವಾಗ, ಮರದ ಮೇಲಿರುವ ಅಡಿಕೆಗೆ ಇಂದೇ ಬೆಲೆ ಹೇಳುವ ವ್ಯವಹಾರ ಅದು. ಹೇಳಿದ ಮೇಲೆ ಲಾಭವೋ ನಷ್ಟವೋ ಅವರದೇ. ಚಿಕ್ಕಪ್ಪ ಮನೆ ಹತ್ತಿರದ ಸಾಲಿಗೆ ಕರೆದೊಯ್ದು, "ನೋಡಿ ಸಾಹುಕಾರ್ರೇ, ಮರಕ್ಕೆ ಮೂರು ಮೂರು ಕೊನೆ ಉಂಟು" ಎನ್ನುತ್ತಿದ್ದರು. ಅವರು ತಲೆ ಎತ್ತಿ ಒಮ್ಮೆ ನೋಡಿ, "ಇದು ಕಂಡಿತು ಗೌಡ್ರೇ, ಕೆಳಗಿನ ಬಸಿಗಾಲುವೆ ಕಡೆ ಹೋಗುವ" ಎಂದು ನಡೆದುಬಿಡುತ್ತಿದ್ದರು. ಅಲ್ಲಿ ಬಿಸಿಲು ಬೀಳದ ಜಾಗ, ನೀರು ನಿಲ್ಲುವ ಜಾಗ. ಕುಕ್ಕುರುಗಾಲಲ್ಲಿ ಕೂತು, ಸೋಗೆ ಸರಿಸಿ, ಉದುರಿದ ಕಾಯಿ ಎತ್ತಿ, ಹೆಬ್ಬೆರಳ ಉಗುರಿನಿಂದ ತೊಟ್ಟಿನ ಬುಡ ಒತ್ತಿ ನೋಡುವರು. ಕೊಳೆ ರೋಗ ಎಷ್ಟು ಹಳೆಯದು, ಇನ್ನೂ ಹರಡುತ್ತದೋ ನಿಂತಿತೋ ಎಂಬುದು ಅವರಿಗೆ ಅಲ್ಲಿ ಗೊತ್ತಾಗುತ್ತಿತ್ತು. ಕೊಳೆಗೆ ಬೋರ್ಡೋ ದ್ರಾವಣ ಎಷ್ಟು ಸಲ ಹೊಡೆದದ್ದು ಎಂದು ಚಿಕ್ಕಪ್ಪನನ್ನು ಕೇಳುತ್ತಲೇ ಇರಲಿಲ್ಲ, ಕಾಯಿಯನ್ನೇ ಕೇಳುತ್ತಿದ್ದರು. ಇಡೀ ತೋಟ ಸುತ್ತಿ ಬಂದು ಜಗುಲಿಯ ಮೇಲೆ ಕೂತು ಒಂದು ಮೊತ್ತ ಹೇಳುವರು, ಆಮೇಲೆ ಅದರಿಂದ ಹೆಚ್ಚು ಕದಲುತ್ತಿರಲಿಲ್ಲ.

ರೇಸ್ ಕಾರ್ಡನ್ನು ನಾನು ಹಾಗೇ ಸುತ್ತುತ್ತೇನೆ. ಎಲ್ಲರೂ ಹೆಸರು ಹೇಳುವ ಫೇವರಿಟ್ ಕುದುರೆ ಮನೆ ಮುಂದಿನ ಸಾಲು, ಅದು ಹೇಗೂ ಕಾಣುತ್ತದೆ. ಪಟ್ಟಿಯ ತಳದಲ್ಲಿರುವ, ಯಾರೂ ಬಾಯಿಗೆ ತರದ ಕುದುರೆಯಿಂದ ಶುರು ಮಾಡುತ್ತೇನೆ. ಅದು ಯಾಕೆ ಗೆಲ್ಲುವುದಿಲ್ಲ ಎಂದು ಒಂದು ವಾಕ್ಯದಲ್ಲಿ ಬರೆಯಬೇಕು. ಬರೆಯಲಾಗದಿದ್ದರೆ ಅಲ್ಲೇನೋ ಇದೆ ಎಂದರ್ಥ. ಹೀಗೆ ತಳದಿಂದ ಮೇಲಕ್ಕೆ ಬಂದವರಿಗೆ ಮಾತ್ರ ಫೇವರಿಟ್ಟಿನ ನಿಜವಾದ ಬಲ ತಿಳಿಯುತ್ತದೆ, ಯಾಕೆಂದರೆ ಅದರ ಎದುರಾಳಿಗಳು ಯಾರು ಎಂದು ಅಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ.

ಡರ್ಬಿಯಂಥ ದೊಡ್ಡ ಪಂದ್ಯಗಳ ಮಾತು ಬೇರೆ. ಅಲ್ಲಿ ಹ್ಯಾಂಡಿಕ್ಯಾಪ್ ಇಲ್ಲ. ಗಂಡುಗಳಿಗೆಲ್ಲ ಒಂದೇ ತೂಕ, ಹೆಣ್ಣುಗಳಿಗೆ ಸ್ವಲ್ಪ ಕಡಿಮೆ. ಮುಂಬೈಯ ಮಹಾಲಕ್ಷ್ಮಿಯಲ್ಲಿ 1943ರಿಂದ ನಡೆಯುತ್ತಿರುವ ಇಂಡಿಯನ್ ಡರ್ಬಿ 2400 ಮೀಟರಿನದು, ಬಹುತೇಕ ಕುದುರೆಗಳು ಅಷ್ಟು ದೂರವನ್ನು ಅದಕ್ಕೆ ಮುಂಚೆ ಓಡಿಯೇ ಇರುವುದಿಲ್ಲ. ಅಂಥ ಕಡೆ ತಂದೆ ಕುದುರೆ ಯಾವುದು, ತಾಯಿಯ ಕಡೆ ದಮ್ಮು ಇದೆಯೇ ಎಂದು ವಂಶಾವಳಿ ನೋಡಲೇಬೇಕಾಗುತ್ತದೆ. 1977ರಲ್ಲಿ ಆ ಡರ್ಬಿ ಗೆದ್ದ ಸ್ಕ್ವಾಂಡರರ್ 19 ಸಲ ಓಡಿ 18 ಸಲ ಗೆದ್ದ ಕುದುರೆ. ಅಂಥದ್ದು ಪಟ್ಟಿಯಲ್ಲಿದ್ದರೆ ಮುನ್ನೋಟ ಬರೆಯುವವರಿಗೆ ಕೆಲಸವೇ ಇಲ್ಲ, ಸುಮ್ಮನೆ ನೋಡಿ ಕಣ್ಣು ತುಂಬಿಕೊಳ್ಳಬೇಕು. ನಾನು ಬರೆಯಲು ಇಷ್ಟಪಡುವುದು ವಾರದ ನಡುವಿನ ಸಾಧಾರಣ ಪಂದ್ಯಗಳ ಬಗ್ಗೆ. ದೊಡ್ಡ ಹೆಸರಿಲ್ಲದ ಹನ್ನೆರಡು ಕುದುರೆಗಳು, ಒಂದಕ್ಕಿಂತ ಇನ್ನೊಂದು ಕೂದಲೆಳೆಯಷ್ಟು ಮೇಲು. ಓದುವ ಕಣ್ಣಿಗೆ ಅಲ್ಲಿ ಸಿಗುವಷ್ಟು ಸಾಮಗ್ರಿ ಡರ್ಬಿಯಲ್ಲಿ ಸಿಗುವುದಿಲ್ಲ.

ಬೆಳಗಿನ ಟ್ರ್ಯಾಕ್ ವರ್ಕ್, ಎಂದರೆ ಕುದುರೆಗಳ ಅಭ್ಯಾಸದ ಓಟದ ವಿವರ, ಪತ್ರಿಕೆಗಳಲ್ಲಿ ಬರುತ್ತದೆ. ಔಟರ್ ಸ್ಯಾಂಡಿನಲ್ಲಿ (ಹೊರಗಿನ ಮರಳು ಟ್ರ್ಯಾಕಿನಲ್ಲಿ) ಇಂಥ ಕುದುರೆ 1200 ಮೀಟರಿಗೆ 1 ನಿಮಿಷ 21 ಸೆಕೆಂಡ್, ಕೊನೆಯ 600ಕ್ಕೆ 45 ಸೆಕೆಂಡ್, ಸಲೀಸಾಗಿ ಓಡಿತು. ಇಷ್ಟೇ ಇರುತ್ತದೆ. ಹೊಸಬರು ಈ ಸೆಕೆಂಡುಗಳಿಗೆ ಮರುಳಾಗುತ್ತಾರೆ. ಬೆನ್ನ ಮೇಲೆ ಕೂತದ್ದು ಜಾಕಿಯೋ ರೈಡಿಂಗ್ ಬಾಯ್‌ಯೋ, ಒಂಟಿಯಾಗಿ ಓಡಿತೋ ಜೊತೆಗೆ ಇನ್ನೊಂದು ಇತ್ತೋ, ಒತ್ತಾಯಿಸಿ ಓಡಿಸಿದ್ದೋ ಅದೇ ಓಡಿದ್ದೋ ಎಂಬುದನ್ನು ಬಿಟ್ಟು ಬರೀ ಸಮಯ ನೋಡಿದರೆ ಏನೂ ಗೊತ್ತಾಗದು. ನಾನು ಹೋಲಿಸುವುದು ಆ ಕುದುರೆಯ ಇವತ್ತಿನ ಸಮಯವನ್ನು ಅದೇ ಕುದುರೆಯ ಹಿಂದಿನ ಸಮಯದ ಜೊತೆ ಮಾತ್ರ. ಬೆಳಿಗ್ಗೆ ಮರಳಿನಲ್ಲಿ ಮಿಂಚುವ, ಸಂಜೆ ಹುಲ್ಲಿನ ಮೇಲೆ ಮಂಕಾಗುವ ಕುದುರೆಗಳು ಎಲ್ಲ ಲಾಯಗಳಲ್ಲೂ ಇರುತ್ತವೆ.

ಆಗೊಮ್ಮೆ ಈಗೊಮ್ಮೆ ಶಿವಮೊಗ್ಗದಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೇನೆ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಆನಂದರಾವ್ ಸರ್ಕಲ್ ದಾಟಿ ರೇಸ್ ಕೋರ್ಸಿಗೆ ನಡೆದೇ ಹೋಗಬಹುದು. ಅಲ್ಲಿ ನಾನು ನಿಲ್ಲುವುದು ಪ್ಯಾಡಾಕ್ ಹತ್ತಿರ, ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿಕೊಂಡು ಸುತ್ತು ಬರುವ ಜಾಗದಲ್ಲಿ. ಕಾಗದದ ಮೇಲೆ ಮೂರು ದಿನ ನೋಡಿದ್ದನ್ನು ಅಲ್ಲಿ ಹತ್ತು ನಿಮಿಷ ಕಣ್ಣಾರೆ ನೋಡಬಹುದು. ನಾಲ್ಕೂವರೆ ಐದು ಕ್ವಿಂಟಲ್ ತೂಗುವ ಪ್ರಾಣಿ ಪಕ್ಕದಲ್ಲೇ ಹಾದುಹೋಗುವಾಗ ಅದರ ಉಸಿರಿನ ಬಿಸಿ ನಮಗೇ ತಾಗುತ್ತದೆ. ಹಿಂಗಾಲಿನ ತೊಡೆಯ ಮೇಲೆ ನಡೆಯುವಾಗ ಸ್ನಾಯುವಿನ ಗೆರೆ ಎದ್ದು ಕಂಡರೆ ಕುದುರೆ ತಯಾರಾಗಿದೆ ಎಂದು ಲೆಕ್ಕ. ಪಕ್ಕೆಲುಬಿನ ನೆರಳು ಹಗುರವಾಗಿ ಕಾಣಬೇಕು, ಹೊಟ್ಟೆ ಜೋತಿರಬಾರದು. ಬಿಸಿಲಿಗೆ ಎಲ್ಲವೂ ಬೆವರುತ್ತವೆ, ಅದರಿಂದ ದೋಷವಿಲ್ಲ. ಆದರೆ ತೊಡೆಗಳ ನಡುವೆ ಬಿಳಿ ನೊರೆ ಕಟ್ಟಿ, ತಲೆ ಕೊಡವುತ್ತ, ಹಿಡಿದವನನ್ನು ಎಳೆದಾಡುವ ಕುದುರೆ ಓಟವನ್ನು ಅಲ್ಲಿಯೇ ಓಡಿ ಮುಗಿಸುತ್ತಿರುತ್ತದೆ. ಕಿವಿ ಎರಡೂ ಮುಂದಕ್ಕೆ, ಕುತ್ತಿಗೆ ಸಡಿಲ, ಹಿಂದಿನ ಗೊರಸು ಮುಂದಿನ ಗೊರಸಿನ ಗುರುತು ದಾಟಿ ಬೀಳುವ ನಡಿಗೆ ಕಂಡರೆ ನನ್ನ ಪೆನ್ಸಿಲ್ ತಾನಾಗಿ ಆ ಹೆಸರಿನ ಹತ್ತಿರ ಹೋಗುತ್ತದೆ. ಇಷ್ಟಾದರೂ ಒಂದು ಎಚ್ಚರ ಬೇಕು. ಕೆಲವು ಕುದುರೆಗಳ ಸ್ವಭಾವವೇ ರೇಗುವುದು, ಗೆದ್ದ ದಿನವೂ ಅವು ಹಾಗೇ ಇದ್ದವು. ಹಾಗಾಗಿ ಹಿಂದೆ ನೋಡದ ಕುದುರೆಯ ಬಗ್ಗೆ ಪ್ಯಾಡಾಕ್ ನೋಡಿ ತೀರ್ಪು ಕೊಡುವುದಿಲ್ಲ.

ಮಳೆಯ ಬಗ್ಗೆ ಮಲೆನಾಡಿನವನಾಗಿ ಒಂದು ಮಾತು. ಬೆಂಗಳೂರಿನ ಬೇಸಿಗೆ ಸೀಸನ್ ಮೇ ತಿಂಗಳಲ್ಲಿ ಶುರುವಾದರೆ ಬೆಂಗಳೂರು ಡರ್ಬಿ ಬರುವಷ್ಟರಲ್ಲಿ ಜುಲೈ. ಇಲ್ಲಿ ಆಗ ತುಂಗೆ ಕೆಂಪಾಗಿ ರಾಮಮಂಟಪ ಮುಳುಗಿಸುವ ಹೊತ್ತು, ಆಗುಂಬೆ ಕಡೆ ಮೂರು ದಿನಕ್ಕೊಮ್ಮೆ ಕರೆಂಟು. ಬೆಂಗಳೂರಿನಲ್ಲಿ ಬೀಳುವುದು ನಮ್ಮ ಕಣ್ಣಿಗೆ ಹನಿಮಳೆ, ಆದರೆ ಹುಲ್ಲಿನ ಟ್ರ್ಯಾಕಿಗೆ ಅಷ್ಟು ಸಾಕು. ಪೆನೆಟ್ರೋಮೀಟರ್ ಎಂಬ ಉಪಕರಣದ ಮೊನೆ ನೆಲದೊಳಗೆ ಎಷ್ಟು ಇಳಿಯುತ್ತದೆ ಎಂದು ಅಳೆದು ಕ್ಲಬ್ಬಿನವರು ಪ್ರಕಟಿಸುತ್ತಾರೆ. ನೆಲ ಮೆತ್ತಗಾದರೆ ಹಗುರ ತೂಕದ ಕುದುರೆಗಳಿಗೆ ಸ್ವಲ್ಪ ಅನುಕೂಲ, ಮುಂದೆ ಓಡಿ ದಾರಿ ಕಟ್ಟುವ ಕುದುರೆ ಕೊನೆಯಲ್ಲಿ ಬಸವಳಿಯುತ್ತದೆ. ಒಳಗಿನ ಕಂಬಿ ಪಕ್ಕದ ಹುಲ್ಲು ತುಳಿದು ರಾಡಿಯಾಗಿದ್ದರೆ ಓಟ ಹೊರಡುವಲ್ಲಿ ಹೊರಗಿನ ಗೇಟು ಸಿಕ್ಕವರಿಗೆ ಆ ದಿನ ಯೋಗ. ಮಳೆ ಬಂದಾಗ ಬರೆದ ಮುನ್ನೋಟವನ್ನು ಹರಿದು ಮತ್ತೆ ಬರೆಯುವುದಕ್ಕೆ ನನಗೆ ಬೇಸರವಿಲ್ಲ.

ಇನ್ನು ದರದ ವಿಚಾರ. ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ, ಆದರೆ ಹೆಸರು ಪಿಸುಗುಡುವ ಟಿಪ್ಸಿಗೂ ಮುನ್ನೋಟಕ್ಕೂ ಇರುವ ವ್ಯತ್ಯಾಸ ಇಲ್ಲೇ ಇರುವುದು. ಎಲ್ಲ ಕುದುರೆಗಳನ್ನು ಓದಿ ಮುಗಿಸಿದ ಮೇಲೆ ಪ್ರತಿಯೊಂದರ ಎದುರು ನೂರಕ್ಕೆ ಎಷ್ಟು ಎಂದು ಬರೆಯುತ್ತೇನೆ. ಒಟ್ಟು ಕೂಡಿದರೆ ನೂರೇ ಆಗಬೇಕು. ಫೇವರಿಟ್ಟಿಗೆ 35 ಕೊಟ್ಟು, ಎರಡನೆಯದಕ್ಕೆ 20 ಕೊಟ್ಟರೆ ಉಳಿದ ಹತ್ತಕ್ಕೆ ಹಂಚಲು ನನ್ನ ಹತ್ತಿರ 45 ಮಾತ್ರ ಇದೆ. "ಇದೂ ಬರಬಹುದು, ಅದೂ ಬರಬಹುದು" ಎಂಬ ಸಡಿಲ ಮಾತಿಗೆ ಅವಕಾಶವೇ ಇಲ್ಲ, ಒಂದಕ್ಕೆ ಕೊಡಬೇಕಾದರೆ ಇನ್ನೊಂದರಿಂದ ಕೀಳಬೇಕು. ಬುಕ್ಕಿಯ ದರ ಒಂದಕ್ಕೆ ಎರಡು (ಒಂದು ರೂಪಾಯಿ ಕಟ್ಟಿ ಗೆದ್ದರೆ ಎರಡು ರೂಪಾಯಿ ಲಾಭ) ಎಂದರೆ ಆತ ಆ ಕುದುರೆಗೆ ಸುಮಾರು 33 ಕೊಟ್ಟಂತೆ. ಆತನ ದರಗಳನ್ನೆಲ್ಲ ಹೀಗೆ ಬದಲಿಸಿ ಕೂಡಿದರೆ ನೂರು ದಾಟುತ್ತದೆ, ದಾಟಿದ್ದು ಆತನ ಸಂಪಾದನೆ. ಜಗತ್ತಿನ ಬಹುತೇಕ ಕಡೆ ಫೇವರಿಟ್ ಗೆಲ್ಲುವುದು ಮೂರು ಪಂದ್ಯಕ್ಕೆ ಒಂದರ ಆಸುಪಾಸು. ಜನ ಸೇರಿ ಆರಿಸಿದ, ಎಲ್ಲಕ್ಕಿಂತ ಬಲವಾದ ಕುದುರೆಯೇ ಮೂರರಲ್ಲಿ ಎರಡು ಸಲ ಸೋಲುತ್ತದೆ. ಇನ್ನೊಂದು ತುದಿಯ ಕಥೆ ಇನ್ನೂ ಕಠೋರ. ಒಂದಕ್ಕೆ ಐವತ್ತು ಕೊಡುವ ಕುದುರೆಗಳ ಮೇಲೆ ಜನ ಅವುಗಳ ಯೋಗ್ಯತೆಗಿಂತ ಹೆಚ್ಚು ಹಣ ಸುರಿಯುತ್ತಾರೆ ಎಂಬುದನ್ನು ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ಗ್ರಿಫಿತ್ 1949ರಲ್ಲೇ ಅಂಕಿ ಅಂಶ ಇಟ್ಟು ತೋರಿಸಿದ್ದ. ದೊಡ್ಡ ಮೊತ್ತದ ಆಸೆಗೆ ಬಿದ್ದವರು ಪಡೆಯುವುದು ಎಲ್ಲಕ್ಕಿಂತ ಕೆಟ್ಟ ದರ.

1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಎಂದು ತೀರ್ಪು ಕೊಟ್ಟಿತು. ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಓದುವ ಕೌಶಲ ಎಂಬ ಅರ್ಥದಲ್ಲಿ. ಆದರೆ ಈ ಕೌಶಲದಿಂದ ಸಂಸಾರ ನಡೆಸುತ್ತೇನೆ ಎಂದು ಹೊರಡುವ ನಮ್ಮೂರ ಹುಡುಗರಿಗೆ ಕೂಡಿಸಿ ತೋರಿಸುವ ಲೆಕ್ಕ ಬೇರೆ. 2025ರ ಸೆಪ್ಟೆಂಬರ್ 22ರಿಂದ ಪಣದ ಪೂರ್ತಿ ಮೊತ್ತದ ಮೇಲೆ ಶೇಕಡಾ 40 ಜಿಎಸ್‌ಟಿ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಹ್ಯಾಂಡಿಕ್ಯಾಪರ್‌ಗಿಂತ, ಬುಕ್ಕಿಗಿಂತ, ಇಡೀ ಜನಸಂದಣಿಗಿಂತ ನೀನು ಸ್ವಲ್ಪ ಜಾಣ ಎಂದೇ ಇಟ್ಟುಕೋ, ಆ "ಸ್ವಲ್ಪ" ನೂರಕ್ಕೆ ಐದೋ ಹತ್ತೋ ಇರಬಹುದು. ನಲವತ್ತನ್ನು ದಾಟುವಷ್ಟು ಜಾಣತನ ಎಲ್ಲಿಂದ ತರುತ್ತೀಯಪ್ಪ ಎಂದು ಕೇಳುತ್ತೇನೆ. ಮುನ್ನೋಟದ ಸುಖ ಬೇಕೆಂದರೆ ನೋಟ್ ಪುಸ್ತಕ, ಪೆನ್ಸಿಲ್ ಸಾಕು. ಜೇಬು ಮುಟ್ಟಬೇಕಾಗಿಲ್ಲ.

ಓಟ ಮುಗಿದ ಮೇಲೆ ಹೆಚ್ಚಿನವರು ಗೆದ್ದ ಹೆಸರು ನೋಡಿ ಪುಟ ಮಡಚುತ್ತಾರೆ. ಮುಂದಿನ ಮುನ್ನೋಟ ಹುಟ್ಟುವುದೇ ಆಗ. ಪಂದ್ಯದ ವಿಡಿಯೋ ಸಿಕ್ಕರೆ ಮೂರು ನಾಲ್ಕು ಸಲ ನೋಡುತ್ತೇನೆ, ಪ್ರತಿ ಸಲವೂ ಒಂದೇ ಒಂದು ಕುದುರೆಯ ಮೇಲೆ ಕಣ್ಣಿಟ್ಟು. ಮೈಸೂರಿನ ದಸರಾ ಹೊತ್ತಿನ ಒಂದು 1200 ಮೀಟರಿನ ಪಂದ್ಯ ಈಗಲೂ ನನ್ನ ಪುಸ್ತಕದಲ್ಲಿದೆ. ಐದನೆಯದಾಗಿ ಬಂದ ಹೆಣ್ಣು ಕುದುರೆ ಗೇಟಿನಿಂದ ತಡವಾಗಿ ಹೊರಟಿತು. ತಿರುವಿನಲ್ಲಿ ಹೊರಗಿನಿಂದ ಸುತ್ತಿ ಬಂತು, ಕೊನೆಯ ನೇರ ದಾರಿಯಾದ ಸ್ಟ್ರೈಟ್‌ಗೆ ಇಳಿದಾಗ ಎದುರಿಗೆ ಎರಡು ಕುದುರೆ ಗೋಡೆಯಂತೆ ನಿಂತು ದಾರಿ ಕೊಡಲಿಲ್ಲ. ಜಾಕಿ ಬಾರುಕೋಲು ಎತ್ತಲೂ ಇಲ್ಲ. ಗೆರೆ ದಾಟಿದ ಮೇಲೆ, ಕ್ಯಾಮೆರಾ ಗೆದ್ದವನ ಕಡೆ ತಿರುಗುವ ಮುಂಚಿನ ಎರಡು ಸೆಕೆಂಡಿನಲ್ಲಿ, ಅದು ಗೆದ್ದ ಕುದುರೆಯನ್ನು ಸಲೀಸಾಗಿ ಹಿಂದೆ ಹಾಕಿ ಹೋಗುತ್ತಿತ್ತು. ಫಲಿತಾಂಶದ ಪಟ್ಟಿಯಲ್ಲಿ ಅದು ಬರೀ 5. ಹ್ಯಾಂಡಿಕ್ಯಾಪರ್ ಅದರ ಅಂಕವನ್ನು ಒಂದೆರಡು ಇಳಿಸಿದರೂ ಆಶ್ಚರ್ಯವಿಲ್ಲ. ಅಂಥ ಕುದುರೆ ಮುಂದಿನ ಸಲ 1400 ಮೀಟರಿಗೆ ಹೆಸರು ಕೊಟ್ಟು, ಒಳಗಿನ ಗೇಟೂ ಸಿಕ್ಕಿದ್ದರೆ, ಪಟ್ಟಿಯ ತಳದಿಂದ ಓದುತ್ತ ಬರುವ ನಾನು ಆ ಸಾಲಿಗೆ ಬಂದು ನಿಲ್ಲುತ್ತೇನೆ. ಅದು ಯಾಕೆ ಗೆಲ್ಲುವುದಿಲ್ಲ ಎಂದು ಬರೆಯಲು ನನ್ನಲ್ಲಿ ಒಂದು ವಾಕ್ಯವೂ ಇರುವುದಿಲ್ಲ.